ಶೈತ್ಯಾಗಾರದ ಡ್ಯಾಶ್‌ಬೋರ್ಡ್: ವಿಜೆಟ್‌ಗಳ ಆಯ್ಕೆ ಮತ್ತು ಹೊಂದಾಣಿಕೆ

ಮೀನು ಸಂಸ್ಕರಣಾ ಘಟಕಗಳಲ್ಲಿ ಶೈತ್ಯಾಗಾರದ ಬಾಗಿಲ ಬಳಿ ಒಂದು ದಾಖಲೆ ಪುಸ್ತಕ ತೂಗುತ್ತಿರುವುದು ಕರಾವಳಿಯಲ್ಲಿ ಬಹುಕಾಲದ ರೂಢಿ. ಎರಡು ಗಂಟೆಗೊಮ್ಮೆ ಉಷ್ಣಾಂಶವನ್ನು ನೋಡಿ, ಬರೆದು, ಸಹಿ ಮಾಡುವುದು ಪಾಳಿಯ ನೌಕರನ ಹೊಣೆ. ರಾತ್ರಿ ಪಾಳಿಯ ಪುಟದಲ್ಲಿ ಎಲ್ಲ ಅಂಕಿಗಳೂ ಒಂದೇ ಶಾಯಿಯಲ್ಲಿ, ಒಂದೇ ಓಟದ ಬರಹದಲ್ಲಿ ಮೂಡಿದ್ದರೆ ಅದರ ಅರ್ಥವನ್ನು ಮಾಲೀಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಕಾರಣದಿಂದಲೇ ಸಣ್ಣ ಘಟಕಗಳೂ ಇಂದು ಸಂವೇದಕಗಳನ್ನು ಅಳವಡಿಸಿಕೊಂಡು, ಉಷ್ಣಾಂಶವನ್ನು ಕಂಪ್ಯೂಟರ್ ಹಾಗೂ ಮೊಬೈಲ್ ಪರದೆಯ ಮೇಲೆ ನೋಡುವ ವ್ಯವಸ್ಥೆಗೆ ಮನಸ್ಸು ಮಾಡುತ್ತಿವೆ. ಆದರೆ ಪುಸ್ತಕದಲ್ಲಿ ಮುಚ್ಚಿಹೋಗುತ್ತಿದ್ದ ಸಂಗತಿಯು ತಪ್ಪಾಗಿ ಹೊಂದಿಸಿದ ಪರದೆಯಲ್ಲಿಯೂ ಅಷ್ಟೇ ಸಲೀಸಾಗಿ ಮುಚ್ಚಿಹೋಗಬಲ್ಲದು ಎಂಬುದು ಬಹುತೇಕ ಖರೀದಿಯ ನಂತರವೇ ತಿಳಿದುಬರುತ್ತದೆ.

ಒಂದು ಲೆಕ್ಕವನ್ನು ಗಮನಿಸಬಹುದು. ಘನೀಕೃತ ಆಹಾರವನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ಇರಿಸಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಹೌದು, ವಿದೇಶಿ ಖರೀದಿದಾರರ ಸಾಮಾನ್ಯ ಕರಾರೂ ಹೌದು. ಬೊಂಡಾಸ ಮತ್ತು ಸಿಗಡಿಯ ದಾಸ್ತಾನಿರುವ ಕೋಣೆಯೊಂದು ದಿನದ 21 ಗಂಟೆಗಳ ಕಾಲ ಮೈನಸ್ 20 ಡಿಗ್ರಿಯಲ್ಲಿದ್ದು, ರಾತ್ರಿ ಕಂಪ್ರೆಸರ್ ಟ್ರಿಪ್ ಆದ ಕಾರಣ ಉಳಿದ 3 ಗಂಟೆಗಳಲ್ಲಿ ಸರಾಸರಿ ಮೈನಸ್ 9 ಡಿಗ್ರಿಗೆ ಏರಿತ್ತು ಎಂದು ಭಾವಿಸಿದರೆ, ಇಡೀ ದಿನದ ಸರಾಸರಿ ಮೈನಸ್ 18.6 ಡಿಗ್ರಿ ಆಗುತ್ತದೆ. ಪರದೆಯ ಮೇಲೆ ಈ ಸರಾಸರಿಯನ್ನಷ್ಟೇ ತೋರಿಸುವ ಚೌಕವಿದ್ದರೆ ಅದು ಹಸಿರು ಬಣ್ಣದಲ್ಲಿಯೇ ಇರುತ್ತದೆ. ಅತ್ತ ಕೋಣೆಯೊಳಗೆ ಹೊರಪದರದ ಮೀನು ಬೆಚ್ಚಗಾಗಿ ಮತ್ತೆ ಹೆಪ್ಪುಗಟ್ಟುವಾಗ ಹಿಮದ ಹರಳುಗಳು ದೊಡ್ಡದಾಗುತ್ತವೆ, ಮಾಂಸದ ಕೋಶಗಳು ಒಡೆಯುತ್ತವೆ. ಸರಕು ಕರಗಿದಾಗ ನೀರು ಸೋರಿ ತೂಕ ಇಳಿದಿರುವುದು ಖರೀದಿದಾರನ ಕೈಯಲ್ಲಿ ಬಯಲಾಗುತ್ತದೆ. ಆಗ ಮಾಲೀಕರು ಪರದೆಯನ್ನು ತೆರೆದು ನೋಡಿದರೆ ಅಲ್ಲಿ ದೋಷದ ಸುಳಿವೇ ಇರುವುದಿಲ್ಲ.

ಇಲ್ಲಿ ಸಂವೇದಕ ಸರಿಯಾಗಿಯೇ ಕೆಲಸ ಮಾಡಿದೆ, ಮಾಹಿತಿಯೂ ಸರಿಯಾಗಿಯೇ ಸಂಗ್ರಹವಾಗಿದೆ. ತಪ್ಪಿರುವುದು ಅದನ್ನು ತೋರಿಸುವ ವಿಜೆಟ್‌ನ ಹೊಂದಾಣಿಕೆಯಲ್ಲಿ.

ವಿಜೆಟ್ ಎಂದರೇನು?

ಡ್ಯಾಶ್‌ಬೋರ್ಡ್ ಎಂಬುದು ಖಾಲಿ ಫಲಕ. ಅದರ ಮೇಲೆ ಕೂರಿಸುವ ಒಂದೊಂದು ಚೌಕವೂ ಒಂದೊಂದು ವಿಜೆಟ್. ಅದು ಅಂಕಿಯಾಗಿರಬಹುದು, ರೇಖಾಚಿತ್ರವಾಗಿರಬಹುದು, ಮುಳ್ಳಿನ ಮಾಪಕ, ಕೋಷ್ಟಕ ಅಥವಾ ಎಚ್ಚರಿಕೆಗಳ ಪಟ್ಟಿಯಾಗಿರಬಹುದು. ಸಂವೇದಕದಿಂದ ಹೊರಟ ಮಾಪನ ಮೊದಲು ಗೇಟ್‌ವೇ ಎಂಬ ಸಣ್ಣ ಪೆಟ್ಟಿಗೆಯನ್ನು, ಅಲ್ಲಿಂದ ಅಂತರ್ಜಾಲ ಅಥವಾ ಕಚೇರಿಯ ಜಾಲದ ಮೂಲಕ ಸರ್ವರ್ ಅನ್ನು ತಲುಪಿ ಸಮಯದೊಂದಿಗೆ ದಾಖಲಾಗುತ್ತದೆ. ವಿಜೆಟ್ ಈ ದಾಖಲೆಯಿಂದ ತನಗೆ ಸೂಚಿಸಿದಷ್ಟನ್ನು ಆಯ್ದು ತೋರಿಸುತ್ತದೆ.

ಈ ಕೆಲಸಕ್ಕೆ ಹಲವು ತಂತ್ರಾಂಶಗಳು ದೊರೆಯುತ್ತವೆ. ಪರವಾನಗಿ ಶುಲ್ಕವಿಲ್ಲದೆ ಸ್ವಂತ ಕಂಪ್ಯೂಟರಿನಲ್ಲಿಯೇ ಸ್ಥಾಪಿಸಿಕೊಳ್ಳಬಹುದಾದ ಥಿಂಗ್ಸ್‌ಬೋರ್ಡ್‌ನ ಮುಕ್ತ ಆವೃತ್ತಿಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಗ್ರಾಫಾನಾ ಎಂಬ ಇನ್ನೊಂದು ತಂತ್ರಾಂಶದಲ್ಲಿ ಇದೇ ಚೌಕಗಳನ್ನು ಪ್ಯಾನೆಲ್ ಎನ್ನುವರು. ಹೆಸರು ಬೇರೆಯಾದರೂ ಮುಂದೆ ಹೇಳಿರುವ ವಿಷಯಗಳಲ್ಲಿ ಹೆಚ್ಚಿನವು ಅದಕ್ಕೂ ಅನ್ವಯಿಸುತ್ತವೆ.

ಸೇರಿಸುವ ಕ್ರಮ ಸರಳವಾದುದು. ಡ್ಯಾಶ್‌ಬೋರ್ಡ್ ತೆರೆದು ಎಡಿಟ್ ಸ್ಥಿತಿಗೆ ಹೋಗಿ 'ಆಡ್ ವಿಜೆಟ್' ಗುಂಡಿಯನ್ನು ಒತ್ತಿದರೆ ವಿಜೆಟ್‌ಗಳ ಕಟ್ಟುಗಳು ಕಾಣುತ್ತವೆ. ಬೇಕಾದುದನ್ನು ಆರಿಸಿ, ಅದು ಯಾವ ಉಪಕರಣದ ಯಾವ ಮಾಪನವನ್ನು ತೋರಿಸಬೇಕೆಂದು ಸೂಚಿಸಿ, ಹೆಸರು, ಏಕಮಾನ ಮತ್ತು ದಶಮಾಂಶ ಸ್ಥಾನಗಳನ್ನು ನಮೂದಿಸಿ ಸೇರಿಸಬೇಕು. ಕೊನೆಯಲ್ಲಿ ಡ್ಯಾಶ್‌ಬೋರ್ಡನ್ನೂ ಸೇವ್ ಮಾಡಬೇಕು. ಇದನ್ನು ಮರೆತು ಅರ್ಧ ದಿನದ ಕೆಲಸ ಕಳೆದುಕೊಳ್ಳುವುದು ಹೊಸಬರಲ್ಲಿ ಸಾಮಾನ್ಯ. ಉಪಕರಣವನ್ನು ನೇರವಾಗಿ ಸೂಚಿಸುವ ಬದಲು 'ಅಲಿಯಾಸ್' ಎಂಬ ಅಡ್ಡಹೆಸರಿನ ಮೂಲಕ ಸೂಚಿಸುವುದು ಲೇಸು. ಉಪ್ಪುಗಾಳಿಗೆ ಸಂವೇದಕ ಪೆಟ್ಟಿಗೆ ಕೆಟ್ಟು ಹೊಸದನ್ನು ಹಾಕಿದಾಗ ಅಡ್ಡಹೆಸರಿನ ಗುರಿಯನ್ನು ಒಂದು ಕಡೆ ಬದಲಿಸಿದರೆ ಸಾಕು, ಹತ್ತು ವಿಜೆಟ್‌ಗಳನ್ನು ಮತ್ತೆ ತೆರೆಯಬೇಕಾಗುವುದಿಲ್ಲ.

ಮುಳ್ಳಿನ ಮಾಪಕದ ಮೋಹ

ಮೊದಲ ಬಾರಿ ಡ್ಯಾಶ್‌ಬೋರ್ಡ್ ಕಟ್ಟುವವರು ಬಹುಪಾಲು ಕಾರಿನ ಸ್ಪೀಡಾಮೀಟರನ್ನು ಹೋಲುವ ದುಂಡನೆಯ ಮಾಪಕಗಳನ್ನೇ ಆರಿಸುತ್ತಾರೆ. ಬಂದವರಿಗೆ ತೋರಿಸಲು ಅವು ಚೆನ್ನಾಗಿಯೇ ಇರುತ್ತವೆ. ಆದರೆ ಪರದೆಯ ಕಾಲುಭಾಗವನ್ನು ಆಕ್ರಮಿಸುವ ಆ ಮಾಪಕ ಹೇಳುವುದು ಈ ಕ್ಷಣದ ಒಂದು ಅಂಕಿಯನ್ನು ಮಾತ್ರ. ಬೆಳಗ್ಗೆ ಎಂಟಕ್ಕೆ ಬಂದ ಮಾಲೀಕರಿಗೆ ಬೇಕಾಗಿರುವುದು ಎಂಟು ಗಂಟೆಯ ಉಷ್ಣಾಂಶಕ್ಕಿಂತ ಹೆಚ್ಚಾಗಿ, ರಾತ್ರಿ ಹತ್ತರಿಂದ ಈವರೆಗೆ ಏನಾಯಿತು ಎಂಬ ವಿವರ. ಅದನ್ನು 24 ಗಂಟೆಗಳ ಸರಳ ರೇಖಾಚಿತ್ರವೊಂದು ಒಂದೇ ನೋಟಕ್ಕೆ ಹೇಳುತ್ತದೆ. ಅದರ ಮೇಲೆ ಮೈನಸ್ 18ರ ಮಟ್ಟದಲ್ಲಿ ಮಿತಿರೇಖೆಯೊಂದನ್ನು ಎಳೆದರೆ ಓದುಬರಹ ಕಡಿಮೆ ಇರುವ ನೌಕರನಿಗೂ ಅರ್ಥವಾಗುತ್ತದೆ.

ರೇಖಾಚಿತ್ರದ ಲಂಬ ಅಕ್ಷದ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ಕೈಯಾರೆ ನಮೂದಿಸುವುದು ಅಗತ್ಯ. ಅವನ್ನು ತಂತ್ರಾಂಶಕ್ಕೇ ಬಿಟ್ಟರೆ ಅದು ಇರುವ ಅಂಕಿಗಳಿಗೆ ತಕ್ಕಂತೆ ಅಳತೆಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಶಾಂತವಾಗಿದ್ದ ದಿನ 0.4 ಡಿಗ್ರಿಯ ಏರಿಳಿತವೂ ಬೆಟ್ಟದಂತೆ ಕಾಣುತ್ತದೆ. ಅನಾಹುತವಾದ ದಿನದ ಬೆಟ್ಟವೂ ಸರಿಸುಮಾರು ಅಷ್ಟೇ ಎತ್ತರವಿರುತ್ತದೆ. ಮೈನಸ್ 30ರಿಂದ 0 ವರೆಗೆ ಸ್ಥಿರಗೊಳಿಸಿದರೆ ಎರಡು ದಿನಗಳನ್ನು ಹೋಲಿಸಿ ನೋಡಲು ಸಾಧ್ಯವಾಗುತ್ತದೆ.

ಸರಾಸರಿಯೇ, ಗರಿಷ್ಠವೇ, ವ್ಯತ್ಯಾಸವೇ?

ಹೊಂದಾಣಿಕೆಯ ಪುಟದಲ್ಲಿ ಹೆಚ್ಚಿನವರು ಓದದೆ ದಾಟಿಹೋಗುವ ಜಾಗವೆಂದರೆ ಕಾಲಾವಧಿ ಮತ್ತು ಕ್ರೋಡೀಕರಣ. ನಿಮಿಷಕ್ಕೊಂದು ಮಾಪನದಂತೆ ದಿನಕ್ಕೆ 1,440 ಅಂಕಿಗಳು ಸೇರುತ್ತವೆ. ತಿಂಗಳ ಚಿತ್ರ ಬಿಡಿಸಬೇಕಾದಾಗ ಅಷ್ಟನ್ನೂ ಪರದೆಗೆ ತರುವುದು ಕಷ್ಟವಾದ್ದರಿಂದ ತಂತ್ರಾಂಶವು ಅವನ್ನು ಗಂಟೆಗೊಂದು, ದಿನಕ್ಕೊಂದು ಗುಂಪಾಗಿಸಿ ಪ್ರತಿ ಗುಂಪಿಗೆ ಒಂದೇ ಅಂಕಿಯನ್ನು ತೋರಿಸುತ್ತದೆ. ಆ ಒಂದು ಅಂಕಿ ಗುಂಪಿನ ಸರಾಸರಿಯಾಗಬೇಕೆ, ಗರಿಷ್ಠವೇ, ಕನಿಷ್ಠವೇ, ಮೊತ್ತವೇ ಎಂಬುದನ್ನು ಬಳಕೆದಾರರೇ ಆರಿಸಬೇಕು. ಏನನ್ನೂ ಗುಂಪಾಗಿಸಬಾರದು ಎಂಬ ಆಯ್ಕೆಯೂ ಇದೆ. ಆದರೆ ಆಗ ಎಷ್ಟು ಅಂಕಿಗಳನ್ನು ತರಬೇಕೆಂಬ ಮಿತಿಯೊಂದು ಜಾರಿಗೆ ಬರುತ್ತದೆ. ಆ ಮಿತಿ ಸಣ್ಣದಿದ್ದರೆ ಅವಧಿಯ ಒಂದು ಭಾಗ ಚಿತ್ರದಲ್ಲಿ ಕಾಣದೇ ಹೋಗಬಹುದು.

ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಉತ್ತರ ತಂತ್ರಾಂಶದ ಕೈಪಿಡಿಯಲ್ಲಿಲ್ಲ, ನಷ್ಟ ಯಾವ ಬಗೆಯಲ್ಲಿ ಉಂಟಾಗುತ್ತದೆ ಎಂಬುದರಲ್ಲಿದೆ. ಘನೀಕೃತ ಸರಕಿಗೆ ಪೆಟ್ಟು ಬೀಳುವುದು ಉಷ್ಣಾಂಶ ಏರಿದ ಹೊತ್ತಿನಲ್ಲಿ. ಆದ್ದರಿಂದ ಅಲ್ಲಿ ಗಂಟೆಯ ಗರಿಷ್ಠವನ್ನೇ ಆರಿಸಬೇಕು. ಔಷಧ ವಿತರಕರ ಶೀತಕದಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಇನ್ಸುಲಿನ್‌ನಂತಹ ಔಷಧಗಳ ದಾಸ್ತಾನಿಗೆ 2ರಿಂದ 8 ಡಿಗ್ರಿಯ ಮಿತಿಯಿದ್ದು, ಬಿಸಿಯಾದರೂ ಹಾನಿ, ಹೆಪ್ಪುಗಟ್ಟಿದರೂ ಹಾನಿ. ಹಾಗಾಗಿ ಗರಿಷ್ಠಕ್ಕೊಂದು, ಕನಿಷ್ಠಕ್ಕೊಂದು ಎಂದು ಎರಡು ರೇಖೆಗಳಿರಬೇಕು.

ವಿದ್ಯುತ್ತಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಹೈ ಟೆನ್ಷನ್ ಸಂಪರ್ಕವಿರುವ ಶೈತ್ಯಾಗಾರಗಳಿಗೆ ಬಿಲ್ಲಿನಲ್ಲಿ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ಎಂಬ ಮಿತಿ ನಮೂದಾಗಿರುತ್ತದೆ. ಕರ್ನಾಟಕದ ದರಪಟ್ಟಿಯಂತೆ ಅದನ್ನು ಮೀರಿದ ಪ್ರಮಾಣಕ್ಕೆ ಡಿಮ್ಯಾಂಡ್ ಶುಲ್ಕವನ್ನು ಎರಡು ಪಟ್ಟು ದರದಲ್ಲಿ ವಿಧಿಸಲಾಗುತ್ತದೆ. ಆದರೆ ಮೀಟರ್ ದಾಖಲಿಸುವುದು ಕ್ಷಣಮಾತ್ರದ ಏರಿಕೆಯನ್ನಲ್ಲ, ನಿಗದಿತ ನಿಮಿಷಗಳ ಸರಾಸರಿಯನ್ನು. ಈ ಅವಧಿ 15 ನಿಮಿಷವೋ 30 ನಿಮಿಷವೋ ಎಂಬುದನ್ನು ಮೀಟರಿನ ವಿವರದಿಂದ ಮೊದಲು ಖಚಿತಪಡಿಸಿಕೊಳ್ಳಬೇಕು. 100 ಕೆವಿಎ ಮಿತಿಯಿರುವ ಘಟಕದಲ್ಲಿ, 15 ನಿಮಿಷಗಳ ಅವಧಿಯೊಳಗೆ, ಕಂಪ್ರೆಸರ್‌ಗಳು ಒಟ್ಟಿಗೆ ಚಾಲೂ ಆಗಿ 5 ನಿಮಿಷ 120 ಕೆವಿಎ ಎಳೆದು ಉಳಿದ 10 ನಿಮಿಷ 75ಕ್ಕೆ ಇಳಿದರೆ ಸರಾಸರಿ 90 ಮಾತ್ರ, ದಂಡವಿಲ್ಲ. ಕರೆಂಟು ಹೋಗಿ ಬಂದ ಮೇಲೆ ಬೆಚ್ಚಗಾದ ಕೋಣೆಗಳನ್ನು ತಣಿಸಲು ಎಲ್ಲ ಯಂತ್ರಗಳೂ ಬಿಡುವಿಲ್ಲದೆ 15 ನಿಮಿಷ 110 ಎಳೆದರೆ ಆ ತಿಂಗಳ ಬಿಲ್ಲಿನಲ್ಲಿ 10 ಕೆವಿಎಗೆ ದುಪ್ಪಟ್ಟು ದರ ಬೀಳುತ್ತದೆ. ಗರಿಷ್ಠವನ್ನು ತೋರಿಸುವ ವಿಜೆಟ್ ಮೊದಲನೆಯ ಸಂದರ್ಭದಲ್ಲಿ ಸುಮ್ಮನೆ ಹೆದರಿಸುತ್ತದೆ. ಎರಡನೆಯದರಲ್ಲಿ ತೋರುವ ಅಂಕಿ ಮೊದಲಿನದಕ್ಕಿಂತ ಕಡಿಮೆ. ಇಲ್ಲಿ 15 ನಿಮಿಷಗಳ ಗುಂಪು ಮತ್ತು ಸರಾಸರಿಯೇ ಸರಿಯಾದ ಆಯ್ಕೆ.

ಮೂರನೆಯದು ಯೂನಿಟ್‌ಗಳ ಲೆಕ್ಕ. ವಿದ್ಯುತ್ ಮೀಟರ್ ಕಳುಹಿಸುವ ಯೂನಿಟ್ ಸಂಖ್ಯೆ ಸದಾ ಏರುತ್ತಲೇ ಹೋಗುವ ಒಟ್ಟು ಮೊತ್ತ. ಅದನ್ನು ಹಾಗೆಯೇ ರೇಖಾಚಿತ್ರಕ್ಕೆ ಹಾಕಿದರೆ ಏರುವ ಗೆರೆಯೊಂದು ಕಾಣುತ್ತದೆಯೇ ಹೊರತು ನಿನ್ನೆಗಿಂತ ಇಂದು ಎಷ್ಟು ಹೆಚ್ಚು ಖರ್ಚಾಯಿತೆಂಬುದು ತಿಳಿಯದು. ದಿನದ ಕೊನೆಯ ಸಂಖ್ಯೆಯಿಂದ ಮೊದಲ ಸಂಖ್ಯೆಯನ್ನು ಕಳೆದ ವ್ಯತ್ಯಾಸವನ್ನು ದಿನಕ್ಕೊಂದು ಕಂಬದಂತೆ ತೋರಿಸಿದಾಗಲೇ ಅದು ಉಪಯೋಗಕ್ಕೆ ಬರುತ್ತದೆ. ಬಾಗಿಲಿನ ರಬ್ಬರ್ ಪಟ್ಟಿ ಸವೆದದ್ದು ಉಷ್ಣಾಂಶದ ರೇಖೆಗಿಂತ ಮೊದಲು ಈ ಕಂಬಗಳಲ್ಲಿ ಗೋಚರಿಸಬಹುದು. ಏಕೆಂದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ಉಷ್ಣಾಂಶವನ್ನು ಕಾಯ್ದುಕೊಳ್ಳುತ್ತಿರುತ್ತದೆ.

ಬಾರದ ಅಂಕಿ, ಬರಬಾರದ ಅಂಕಿ

ಗರಿಷ್ಠವನ್ನು ಆರಿಸಿದ ಮರುದಿನವೇ ಎದುರಾಗುವ ತೊಡಕೊಂದಿದೆ. ಅಗ್ಗವಾಗಿ ದೊರೆಯುವ ಡಿಎಸ್18ಬಿ20 ಎಂಬ ಸಂವೇದಕವು ವಿದ್ಯುತ್ ಬಂದೊಡನೆ, ಅಳತೆ ಆರಂಭಿಸುವ ಮುನ್ನ, 85 ಡಿಗ್ರಿ ಎಂಬ ಅಂಕಿಯನ್ನು ಹೊತ್ತಿರುತ್ತದೆ. ತಂತಿಯ ಜೋಡಣೆ ಸಡಿಲವಾಗಿ ಸಂವೇದಕ ಆಗಾಗ ಆರಿ ಹೊತ್ತಿಕೊಳ್ಳುತ್ತಿದ್ದರೆ ಈ 85 ನಡುನಡುವೆ ದಾಖಲೆಗೆ ನುಸುಳಿ, ದಿನದ ಗರಿಷ್ಠವಾಗಿ ಕುಳಿತುಬಿಡುತ್ತದೆ. ಇದೇ ಸಂವೇದಕದ ಬಗ್ಗೆ ಇನ್ನೊಂದು ಮಾತು: ಅರ್ಧ ಡಿಗ್ರಿಯ ನಿಖರತೆಯ ಭರವಸೆಯನ್ನು ತಯಾರಕರು ನೀಡಿರುವುದು ಮೈನಸ್ 10ರಿಂದ 85 ಡಿಗ್ರಿಯವರೆಗೆ ಮಾತ್ರ. ಮೈನಸ್ 20ರ ಕೋಣೆ ಆ ವ್ಯಾಪ್ತಿಯ ಹೊರಗಿದೆ. ಪಿಟಿ100 ಬಗೆಯ ಸಂವೇದಕಕ್ಕೆ ಬೆಲೆ ಹೆಚ್ಚಾದರೂ ಮೈನಸ್ 20ರಲ್ಲಿ ಅದರ 'ಎ' ದರ್ಜೆಯ ಅನುಮತಿತ ದೋಷ 0.2 ಡಿಗ್ರಿಯೊಳಗೇ ಇರುತ್ತದೆ. ಮಿತಿಗೂ ವಾಸ್ತವಕ್ಕೂ ಎರಡೇ ಡಿಗ್ರಿ ಅಂತರವಿರುವಲ್ಲಿ ಈ ಖರ್ಚು ಅನಗತ್ಯವೆನ್ನಲಾಗದು.

ಮಾಡ್‌ಬಸ್ ಎಂಬ ವ್ಯವಸ್ಥೆಯಲ್ಲಿ ಮಾತನಾಡುವ ಉಪಕರಣಗಳಲ್ಲಿ ಅನೇಕವು ಮೈನಸ್ 20.3 ಡಿಗ್ರಿಯನ್ನು ಮೈನಸ್ 203 ಎಂದು ಹತ್ತು ಪಟ್ಟು ಮಾಡಿ ಕಳುಹಿಸುತ್ತವೆ. ಗೇಟ್‌ವೇಯಲ್ಲಿ ಈ ಸಂಖ್ಯೆಗೆ ಋಣ ಚಿಹ್ನೆ ಇರಬಹುದೆಂದು ಸೂಚಿಸದಿದ್ದರೆ ಅದು 65333 ಎಂದು ಓದಿಕೊಂಡು, ಪರದೆಯಲ್ಲಿ 6533.3 ಡಿಗ್ರಿಯ ಶೈತ್ಯಾಗಾರ ಕಾಣಿಸುತ್ತದೆ. ಇಂತಹ ತಪ್ಪು ಕಣ್ಣಿಗೆ ಹೊಡೆಯುವುದರಿಂದ ಅಪಾಯ ಕಡಿಮೆ. ಅಪಾಯವಿರುವುದು ಅದನ್ನು ಸರಿಪಡಿಸುವ ವಿಧಾನದಲ್ಲಿ. ವಿಜೆಟ್‌ನ ಹೊಂದಾಣಿಕೆಯಲ್ಲಿಯೇ ಅಂಕಿಯನ್ನು ಹತ್ತರಿಂದ ಭಾಗಿಸುವ ಸೂತ್ರ ಬರೆಯಲು ಅವಕಾಶವಿದೆ, ಸ್ಥಾಪಿಸಲು ಬಂದ ತಂತ್ರಜ್ಞರು ಅವಸರದಲ್ಲಿ ಇದನ್ನೇ ಮಾಡಿ ಹೋಗುವುದೂ ಉಂಟು. ಆದರೆ ಆ ಸೂತ್ರ ಬದಲಿಸುವುದು ಪರದೆಯ ಮೇಲಿನ ನೋಟವನ್ನು ಮಾತ್ರ. ದಾಖಲೆಯಲ್ಲಿ ಉಳಿಯುವುದು ಮೂಲ ಅಂಕಿಯೇ. ಎಚ್ಚರಿಕೆಯ ನಿಯಮಗಳು ಪರಿಶೀಲಿಸುವುದು ದಾಖಲೆಯನ್ನು. ಪರದೆ ಮೈನಸ್ 9 ಎನ್ನುತ್ತಿರುವಾಗ ದಾಖಲೆಯಲ್ಲಿ ಮೈನಸ್ 90 ಇರುತ್ತದೆ, ಮೈನಸ್ 18ರ ನಿಯಮಕ್ಕೆ ಅದು ತೃಪ್ತಿಕರವಾಗಿಯೇ ತೋರುತ್ತದೆ, ಎಚ್ಚರಿಕೆ ಮೊಳಗುವುದೇ ಇಲ್ಲ. ಆದ್ದರಿಂದ ಅಂಕಿಯ ತಿದ್ದುಪಡಿಯೂ 85ರಂತಹ ಸುಳ್ಳು ಅಂಕಿಗಳ ಶೋಧನೆಯೂ ಗೇಟ್‌ವೇಯಲ್ಲಿ, ಇಲ್ಲವೇ ಸರ್ವರಿನ ನಿಯಮ ಸರಪಳಿಯಲ್ಲಿ, ದಾಖಲಾಗುವ ಮುನ್ನವೇ ನಡೆಯಬೇಕು.

ಬಾರದ ಅಂಕಿಯ ಕಥೆ ಇನ್ನೂ ಮೋಸದ್ದು. ಇತ್ತೀಚಿನ ಬೆಲೆಯನ್ನು ತೋರಿಸುವ ವಿಜೆಟ್, ಹೆಸರೇ ಹೇಳುವಂತೆ, ತನಗೆ ಕೊನೆಯದಾಗಿ ಬಂದದ್ದನ್ನು ತೋರಿಸುತ್ತಿರುತ್ತದೆ. ರಾತ್ರಿ ಸಿಡಿಲಿಗೆ ಮೋಡೆಮ್ ಸುಟ್ಟುಹೋಗಿದ್ದರೆ ಬೆಳಗಿನವರೆಗೂ ಅಲ್ಲಿ ಮೈನಸ್ 20.3 ಎಂದೇ ಇರುತ್ತದೆ, ಹಸಿರು ಬಣ್ಣದಲ್ಲಿ. ಇದಕ್ಕೆ ಎರಡು ಪರಿಹಾರಗಳಿವೆ. ಅಂಕಿಯ ಕೆಳಗೆ ಅದು ಬಂದ ಸಮಯವನ್ನೂ ತೋರಿಸುವಂತೆ ವಿಜೆಟ್ ಅನ್ನು ಹೊಂದಿಸುವುದು ಒಂದು. ನಿಗದಿತ ನಿಮಿಷಗಳವರೆಗೆ ಮಾಪನ ಬಾರದಿದ್ದರೆ ಉಪಕರಣ ನಿಷ್ಕ್ರಿಯವೆಂದು ಘೋಷಿಸಿ ಪ್ರತ್ಯೇಕ ಎಚ್ಚರಿಕೆ ನೀಡುವಂತೆ ಮಾಡುವುದು ಇನ್ನೊಂದು. ಎರಡೂ ಬೇಕು. ಗೇಟ್‌ವೇ ಮತ್ತು ಮೋಡೆಮ್‌ಗಳಿಗೆ ಸಣ್ಣ ಯುಪಿಎಸ್ ಇಲ್ಲದಿದ್ದರಂತೂ, ಕರೆಂಟು ಹೋಗಿ ಕೋಣೆ ಬೆಚ್ಚಗಾಗುವ ಆ ಹೊತ್ತಿನಲ್ಲಿಯೇ ವ್ಯವಸ್ಥೆ ಕಣ್ಣುಮುಚ್ಚಿರುತ್ತದೆ.

ಸಂಪರ್ಕ ಕಡಿದಾಗ ಮಾಪನಗಳನ್ನು ತನ್ನಲ್ಲಿಟ್ಟುಕೊಂಡು ಆಮೇಲೆ ಕಳುಹಿಸುವ ಗೇಟ್‌ವೇಗಳಿವೆ. ಅವು ಪ್ರತಿ ಅಂಕಿಯೊಂದಿಗೂ ಅಳೆದ ಸಮಯವನ್ನು ಕಳುಹಿಸುತ್ತವೆಯೇ ಎಂದು ಖರೀದಿಗೆ ಮುನ್ನ ಕೇಳಬೇಕು. ಕಳುಹಿಸದಿದ್ದರೆ ಸರ್ವರ್ ತನಗೆ ತಲುಪಿದ ಸಮಯವನ್ನೇ ನಮೂದಿಸುತ್ತದೆ. ರಾತ್ರಿ ಎರಡರ ಏರಿಕೆ ಬೆಳಗ್ಗೆ ಆರರದ್ದಾಗಿ ದಾಖಲಾಗುತ್ತದೆ.

ಎಚ್ಚರಿಕೆಯ ವಿಜೆಟ್

ಶೈತ್ಯಾಗಾರದ ಶೈತ್ಯ ಸುರುಳಿಗಳ ಮೇಲೆ ಕಟ್ಟುವ ಹಿಮವನ್ನು ಕರಗಿಸಲು ದಿನಕ್ಕೆ ಹಲವು ಬಾರಿ ಡಿಫ್ರಾಸ್ಟ್ ನಡೆಯುತ್ತದೆ. ಆಗ ಸುರುಳಿಯ ಸಮೀಪದ ಗಾಳಿ ಕೆಲವು ಡಿಗ್ರಿ ಬೆಚ್ಚಗಾಗುವುದು ಸಹಜ. ಪೆಟ್ಟಿಗೆಯೊಳಗಿನ ಮೀನಿಗೆ ಅದರ ಅರಿವೂ ಇರುವುದಿಲ್ಲ. ಆದರೆ ಮೈನಸ್ 18 ದಾಟಿದೊಡನೆ ಸಂದೇಶ ಕಳುಹಿಸಬೇಕೆಂಬ ನಿಯಮ ಬರೆದರೆ ಪ್ರತಿ ಡಿಫ್ರಾಸ್ಟ್‌ಗೂ ಮಾಲೀಕರ ಫೋನ್ ಸದ್ದು ಮಾಡುತ್ತದೆ. ಮೊದಲ ವಾರ ಅವರು ಎದ್ದು ನೋಡುತ್ತಾರೆ, ಎರಡನೆಯ ವಾರ ಸದ್ದನ್ನು ಆರಿಸಿ ಮಲಗುತ್ತಾರೆ. ಅನಂತರ ಆ ವ್ಯವಸ್ಥೆ ಇದ್ದೂ ಇಲ್ಲದಂತೆ.

ಥಿಂಗ್ಸ್‌ಬೋರ್ಡ್‌ನಲ್ಲಿ ನಿಯಮಕ್ಕೆ ಅವಧಿಯನ್ನು ಸೇರಿಸಲು ಸಾಧ್ಯವಿದೆ. ಡಿಫ್ರಾಸ್ಟ್ ಮತ್ತು ಮರಳಿ ತಣಿಯುವಿಕೆಗೆ ಒಟ್ಟು ಅರ್ಧ ಗಂಟೆ ಹಿಡಿಯುವ ಕೋಣೆಯಲ್ಲಿ, ಮೈನಸ್ 18ಕ್ಕಿಂತ ಮೇಲೆ ಸತತವಾಗಿ 45 ನಿಮಿಷ ಇದ್ದರೆ ಎಚ್ಚರಿಕೆ ಎಂದು ಬರೆದರೆ ಸುಳ್ಳು ಕೂಗುಗಳು ನಿಲ್ಲುತ್ತವೆ. ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳುವ ಮಟ್ಟವನ್ನು ಸ್ವಲ್ಪ ಕೆಳಗೆ, ಮೈನಸ್ 19ರಲ್ಲಿ ಇಡಬೇಕು. ಇಲ್ಲವಾದರೆ ಗಡಿಯಲ್ಲಿ ತೂಗಾಡುವ ಉಷ್ಣಾಂಶ ಹತ್ತಾರು ಬಾರಿ ಎಚ್ಚರಿಕೆಯನ್ನು ಹೊತ್ತಿಸಿ ಆರಿಸುತ್ತದೆ. ಸಂವೇದಕವನ್ನು ಸುರುಳಿಯ ಎದುರಿಗೂ ಇಡದೆ, ಬಾಗಿಲಿಗೂ ತಾಗಿಸದೆ, ಸರಕಿನ ಎತ್ತರದಲ್ಲಿ ಇಡುವುದು ಇದೆಲ್ಲಕ್ಕಿಂತ ಮೊದಲಿನ ಕೆಲಸ.

ಕರಾವಳಿಗೆ ವಿಶಿಷ್ಟವಾದ ಇನ್ನೊಂದು ಸಂಗತಿಯಿದೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದಾಸ್ತಾನು ಕರಗಿದಂತೆ ಕೆಲವು ಕೋಣೆಗಳನ್ನು ಆರಿಸಿಡುವುದುಂಟು. ಅವುಗಳ ವಿಜೆಟ್ ಎರಡು ತಿಂಗಳು ಕೆಂಪಾಗಿಯೇ ಇದ್ದರೆ ನೌಕರರ ಕಣ್ಣಿಗೆ ಕೆಂಪು ಬಣ್ಣ ರೂಢಿಯಾಗಿಬಿಡುತ್ತದೆ, ಪಕ್ಕದ ಕೋಣೆ ಕೆಂಪಾದುದನ್ನು ಗುರುತಿಸುವವರಿರುವುದಿಲ್ಲ. ಕೋಣೆ ಆರಿಸಿದ ದಿನವೇ ಅದರ ನಿಯಮವನ್ನು ತಡೆಹಿಡಿದು ವಿಜೆಟ್ ಅನ್ನು ಬೇರೆ ಪುಟಕ್ಕೆ ಸರಿಸುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಬೇಕು. ಆಗಸ್ಟ್‌ನಲ್ಲಿ ಮರಳಿ ತರುವ ಹೊಣೆಯೂ ಅವರದೇ.

ಎಸ್ಸೆಮ್ಮೆಸ್ ಮೂಲಕ ಎಚ್ಚರಿಕೆ ಬಯಸುವವರು ಸಂದೇಶದ ಮಾದರಿಯನ್ನು ಟ್ರಾಯ್ ನಿಯಮದಂತೆ ಮೊದಲೇ ನೋಂದಾಯಿಸಬೇಕಾಗುತ್ತದೆ. ಇ-ಮೇಲ್‌ಗೆ ಈ ಕಟ್ಟುಪಾಡಿಲ್ಲ, ಆದರೆ ರಾತ್ರಿ ಎರಡು ಗಂಟೆಗೆ ಇ-ಮೇಲ್ ಯಾರನ್ನೂ ಎಬ್ಬಿಸುವುದಿಲ್ಲ.

ಯಾರಿಗೆ ಯಾವ ಪರದೆ?

ಎಲ್ಲರಿಗೂ ಒಂದೇ ಡ್ಯಾಶ್‌ಬೋರ್ಡ್ ಕೊಡುವುದು ಸುಲಭ, ಸರಿಯಲ್ಲ. ಪಾಳಿಯ ನೌಕರನಿಗೆ ಕೋಣೆಗೊಂದು ದೊಡ್ಡ ಅಂಕಿ, ಅದು ಬಂದ ಸಮಯ ಮತ್ತು ಎಚ್ಚರಿಕೆಗಳ ಪಟ್ಟಿ ಸಾಕು. ಮಾಲೀಕರಿಗೆ ಗರಿಷ್ಠದ ರೇಖೆ, ಡಿಮ್ಯಾಂಡ್ ಮತ್ತು ದಿನದ ಯೂನಿಟ್‌ಗಳು. ನೌಕರರಿಗೆ ನೋಡುವ ಅಧಿಕಾರವನ್ನು ಮಾತ್ರ ನೀಡಿ, ಹೊಂದಾಣಿಕೆ ಬದಲಿಸುವ ಅಧಿಕಾರವನ್ನು ಒಬ್ಬರಲ್ಲಿಯೇ ಉಳಿಸಬೇಕು. ಮಿತಿಯನ್ನು ಮೈನಸ್ 18ರಿಂದ ಮೈನಸ್ 12ಕ್ಕೆ ಏರಿಸಿದರೂ ಎಚ್ಚರಿಕೆ ನಿಲ್ಲುತ್ತದೆಂಬುದು ರಾತ್ರಿ ಪಾಳಿಯವರಿಗೆ ಬೇಗನೆ ಗೊತ್ತಾಗುತ್ತದೆ. ಪರದೆಯಿಂದಲೇ ಕಂಪ್ರೆಸರನ್ನು ನಿಲ್ಲಿಸುವ, ಚಾಲೂ ಮಾಡುವ ನಿಯಂತ್ರಣ ವಿಜೆಟ್‌ಗಳೂ ಲಭ್ಯವಿವೆ. ಅಂಗೈಯ ಫೋನಿನಲ್ಲಿ ತಪ್ಪಿ ಬೆರಳು ತಾಗಿದರೆ ಕೋಣೆಯೇ ಆರುವ ಇಂತಹ ಗುಂಡಿಯನ್ನು ಸಣ್ಣ ಘಟಕಗಳು ಸದ್ಯಕ್ಕೆ ದೂರವಿಡುವುದೇ ವಿವೇಕ.

ರಫ್ತುದಾರರಿಗೆ ದಾಖಲೆಯ ಬಾಳಿಕೆಯೂ ಮುಖ್ಯ. ಐರೋಪ್ಯ ಒಕ್ಕೂಟದ 2005ರ 37ನೆಯ ನಿಯಮಾವಳಿಯು ಶೀಘ್ರ ಘನೀಕೃತ ಆಹಾರವನ್ನು ಸಾಗಿಸುವಲ್ಲಿ ಮತ್ತು ದಾಸ್ತಾನಿಡುವಲ್ಲಿ ಗಾಳಿಯ ಉಷ್ಣಾಂಶವನ್ನು ನಿಯತ ಅಂತರದಲ್ಲಿ ದಾಖಲಿಸಬೇಕೆಂದೂ, ದಿನಾಂಕಸಹಿತ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಪಿಡಬೇಕೆಂದೂ ವಿಧಿಸುತ್ತದೆ. ಅಲ್ಲಿನ ಖರೀದಿದಾರರು ಇಲ್ಲಿಂದಲೂ ಅಂತಹುದನ್ನೇ ನಿರೀಕ್ಷಿಸುತ್ತಾರೆ. ಬಾಡಿಗೆಯ ಸರ್ವರ್ ಬಳಸುವವರು ಮಾಪನಗಳು ಎಷ್ಟು ದಿನ ಉಳಿಯುತ್ತವೆ ಎಂಬುದನ್ನು ಕರಾರಿನಲ್ಲಿ ನೋಡಿಕೊಳ್ಳಬೇಕು. ವಿಜೆಟ್‌ನ ಕಾಲಾವಧಿಯನ್ನು ಒಂದು ವರ್ಷಕ್ಕೆ ಹೊಂದಿಸಿದ ಮಾತ್ರಕ್ಕೆ ಅಳಿಸಿಹೋದ ತಿಂಗಳುಗಳು ಮರಳಿ ಬರುವುದಿಲ್ಲ.

ಎಲ್ಲವನ್ನೂ ಹೊಂದಿಸಿದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಥರ್ಮಾಸ್ ಒಂದರಲ್ಲಿ ಪುಡಿಮಾಡಿದ ಮಂಜುಗಡ್ಡೆಯನ್ನು ಶುದ್ಧ ನೀರಿನೊಂದಿಗೆ ಗಟ್ಟಿಯಾಗಿ ತುಂಬಿ ಕಲಕಿದರೆ ಅದರ ಉಷ್ಣಾಂಶ 0 ಡಿಗ್ರಿಗೆ ಬಂದು ನಿಲ್ಲುತ್ತದೆ. ಸಂವೇದಕವನ್ನು ಕೋಣೆಯಿಂದ ತೆಗೆದು ಅದರಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಪರದೆಯ ಅಂಕಿ 0ಗೆ ಎಷ್ಟು ಸಮೀಪ ಬಂದಿತು, ಗರಿಷ್ಠದ ರೇಖೆ ಏರಿತೇ, ಎಚ್ಚರಿಕೆ ಎಷ್ಟನೆಯ ನಿಮಿಷಕ್ಕೆ ಯಾರ ಫೋನನ್ನು ತಲುಪಿತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅನಂತರ ಮೋಡೆಮ್‌ನ ತಂತಿಯನ್ನು ಕಿತ್ತು, ನಿಷ್ಕ್ರಿಯತೆಯ ಎಚ್ಚರಿಕೆ ಬರುವವರೆಗೆ ಕಾಯಬೇಕು. ಈ ಪರೀಕ್ಷೆಯನ್ನು ರಾತ್ರಿ ಪಾಳಿಯಲ್ಲಿ, ಮುನ್ಸೂಚನೆ ನೀಡದೆ ನಡೆಸಿದರೆ ಫೋನ್ ಯಾರ ಬಳಿ ಇತ್ತೆಂಬುದೂ ತಿಳಿಯುತ್ತದೆ. ಬಾಗಿಲ ಬಳಿಯ ಹಳೆಯ ದಾಖಲೆ ಪುಸ್ತಕವನ್ನು ಇನ್ನೂ ತೆಗೆದುಹಾಕದಿದ್ದಲ್ಲಿ ಇದರ ಫಲಿತಾಂಶವನ್ನು ದಿನಾಂಕದೊಂದಿಗೆ ಅದರಲ್ಲಿಯೇ ನಮೂದಿಸಬಹುದು.